ಗಾಜಿನ ನಳಿಗೆ ಮತ್ತು ಒದ್ದೆ ಬಟ್ಟೆ

ರಂಜಿತ ಗಾಜಿನ ನಳಿಗೆ ಹಿಡಿದದ್ದೇ ತಡ, ಕಿಶನ್ ಅವಳ ಕೈಯಿಂದ ಅದನ್ನು ಬಿಡಿಸಿ, ಅವಳು ಮುಟ್ಟಿದ ಜಾಗವನ್ನೇ ಒದ್ದೆ ಬಟ್ಟೆಯಿಂದ ಒರೆಸಿದ.

ಅವಳು ಹಿಂದೆ ಸರಿದಳು.

1994ನೇ ಇಸವಿ, ಶ್ರೀರಂಗಪಟ್ಟಣದ ಕಾಲೇಜಿನ ಲ್ಯಾಬು. ಅರಕೆರೆಯಲ್ಲಿ ಅವಳ ಅಜ್ಜಿ ಮಂಚಮ್ಮನಿಗೆ ಕೂಲಿಗೆ ಹೋದ ಮನೆಗಳಲ್ಲಿ ಲೋಟ ಕೊಡುತ್ತಿರಲಿಲ್ಲ. ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಕಿಶನ್ ತೊಣ್ಣೂರಿನ ಗೌಡರ ಮನೆ ಹುಡುಗ. ಇನ್ನು ಬಿಡಿಸಿ ಹೇಳಬೇಕೆ?

“ಬೆಂಚೂ ತೊಳ್ದ್ಬುಡಿ. ಅದ್ನೂ ಮುಟ್ಟಿವ್ನಿ,” ಎಂದಳು.

“ಅಂಗಲ್ಲ... ಬಿಸಿ...”

ಬಾಯಿ ಬಾರದ ಗಂಡಸು! ಎರಡು ಮಾತು ನೆಟ್ಟಗೆ ಆಡಿದ್ದರೆ ಒಂದು ತಿಂಗಳ ಸಂಕಟ ತಪ್ಪುತ್ತಿತ್ತು.

ಅವನನ್ನು ಕಂಡರೆ ತಾನಾಗಿ ನಗು ಬರುತ್ತಿತ್ತಲ್ಲ... ಆ ನಗುವಿನ ಮೇಲೇ ರಂಜಿತಳಿಗೆ ಸಿಟ್ಟು. ಅವನ ಜೊತೆ ಪ್ರಯೋಗ ಮಾಡುವುದಿಲ್ಲ ಎಂದುಬಿಟ್ಟಳು.

“ಅಂಗಾದ್ರೆ ಒಬ್ಳೇ ಮಾಡು,” ಎಂದರು ಮೇಡಂ ಜಯಲಕ್ಷ್ಮಮ್ಮ.

ಮುಚ್ಚಿದ ನಳಿಗೆಯಲ್ಲಿ ಮೇಲೆ ಗಾಳಿ, ಕೆಳಗೆ ಪಾದರಸ. ಒತ್ತಡ ಹೆಚ್ಚಿದಷ್ಟೂ ಗಾಳಿ ಕುಗ್ಗಬೇಕು. ಎರಡನ್ನೂ ಗುಣಿಸಿದರೆ ಪ್ರತಿ ಸಲವೂ ಒಂದೇ ಉತ್ತರ ಬರಬೇಕು. ಬರಲಿಲ್ಲ. ತಿಂಗಳು ಕಳೆದ ಮೇಲೆ ಒಂದು ದಿನ ನಳಿಗೆ ಅಲುಗದಿರಲೆಂದು ಬಿಗಿಯಾಗಿ ಹಿಡಿದಳು. ಪಾದರಸ ಮೆಲ್ಲಗೆ ಕೆಳಗೆ ಸರಿಯಿತು! ಕೈಬಿಟ್ಟಳು. ಮೆಲ್ಲಗೆ ಮೇಲೆ ಬಂತು.

“ಕೈ ಶಾಖಕ್ಕೆ ಗಾಳಿ ಹಿಗ್ತದೆ ಕಣಮ್ಮ, ಲೆಕ್ಕ ಕೆಡ್ತದೆ,” ಎಂದರು ಮೇಡಂ. “ಒದ್ದೆ ಬಟ್ಟೇಲಿ ಒರೆಸು, ಬೇಗ ತಣ್ಣಗಾಗ್ತದೆ. ಆ ಕಿಶನ್ ನಾನು ಮುಟ್ಟಿದ್ರೂ ಒರೆಸ್ತಾನೆ.”

ರಂಜಿತಳ ಕಣ್ಣು ತುಂಬಿತು. ನಾಚಿಕೆಯೋ, ನೆಮ್ಮದಿಯೋ... ಬಸ್‌ಸ್ಟ್ಯಾಂಡಿಗೆ ಓಡಿದಳು. ಅವನಿದ್ದ.

“ಯಾಕೆ ಹೇಳ್ಲಿಲ್ಲ ನೀವು?”

“ಹೇಳಾಕೆ ಬಂದ್ರೆ ಮುಖ ತಿರುಗಿಸ್ಕೊಂಡ್ ಓಯ್ತಿದ್ರಿ.” ಅವನು ತಲೆ ತಗ್ಗಿಸಿದ. “ನೀವು ತಿಳ್ಕೊಂಡಿದ್ರಲ್ಲಿ ತಪ್ಪಿಲ್ಲ. ನಮ್ಮನೇಲೂ ಕೂಲಿಯೋರ್ಗೆ ಮೇಲಿಂದ್ಲೇ ನೀರು ಹೊಯ್ತಿದ್ರು. ದಿನಾ ಕಂಡಿದ್ರೂ ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ. ಈಗ ಜಗಳ ಆಡಿ ಲೋಟ ಕೊಡ್ಸಿವ್ನಿ. ಅವ್ವ ಮಾತು ಬುಟ್ಟವ್ಳೆ.”

“ನನ್ನಿಂದ ಮನೇಲಿ ಜಗಳ ಆಯ್ತಾ?”

“ನಿಮ್ಮಿಂದ ಕಣ್ಣು ಬಂತು. ಈ ಉಪಕಾರ ಮರೆಯಕ್ಕಿಲ್ಲ.”

ಬೈದವಳಿಗೆ ಕೈ ಮುಗಿಯುವ ಗಂಡಸೂ ಉಂಟೆ? “ಉಪಕಾರ ನಿಮ್ದು. ನಾನು ಅಷ್ಟು ಅಂದ್ರೂ ಒಂದು ಮಾತು ತಿರುಗಿ ಅನ್ಲಿಲ್ಲ.”

“ಇನ್ನೊಂದೈತೆ. ಮದ್ವೆ ಅಂತಾದ್ರೆ ನಿಮ್ಮನ್ನೇ ಅಂತ್ಲೂ ಮನೇಲಿ ಹೇಳ್ಬುಟ್ಟಿವ್ನಿ.”

“ನನ್ನ ಕೇಳ್ದೆನೇ?”

“ಈಗ ಕೇಳ್ತಾವ್ನಿ.”

ಅರಕೆರೆ ಬಸ್ಸು ಬಂತು. ರಂಜಿತ ಹತ್ತಿ ಕಿಟಕಿಯಿಂದ ಇಣುಕಿದಳು.

“ಮೊದ್ಲು ಓದು ಮುಗೀಲಿ. ನಮ್ಮಜ್ಜೀನೂ ಕೇಳ್ಬೇಕು. ಅವ್ಳು ನನಗಿಂತ ಜೋರು, ಬೈತಾಳೆ.”

“ಬೈಸ್ಕೋತೀನಿ.”

ಅವಳು ಸೀಟಿನಲ್ಲಿ ಒತ್ತಿ ಕುಳಿತು ಪಕ್ಕದಲ್ಲಿ ಜಾಗ ಮಾಡಿದಳು.

“ಅಂಗಾದ್ರೆ ಅತ್ತಿ. ಇವತ್ತೇ ಬೈಸ್ಕೊಳ್ಳೋರಂತೆ.”