ನಿಜಕಂಕಣ

ಪಡಸಾಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತ ಮುಕ್ತಾ ಕೈಯ ಕಡಗವನ್ನು ಬಾಯಿಯ ಹತ್ತಿರ ತಂದು ಹೇಳಿದಳು: “ದಾನೇಶ್ವರಿ, ನಂದು ತಪ್ಪಾತು. ನಿನ್ನ ಅಣಕಿಸಬಾರದಿತ್ತು.”

ಕಡಗದ ಅಂಚಿನ ಗೆರೆ ಒಂದು ಗಳಿಗೆ ಮಿನುಗಿ ಕೆಂಪಾಯಿತು. ಮಾತು ಜಾಲತಾಣದಲ್ಲಿದ್ದ ತರಗತಿಯ ಗುಂಪಿಗೇನೋ ಹೋಯಿತು. ಅದರ ಮಗ್ಗುಲಿಗೆ, ಎಲ್ಲರಿಗೂ ಕಾಣುವಂತೆ, ‘ಮನಸ್ಸಿಲ್ಲದ ಮಾತು’ ಎಂಬ ಮುದ್ರೆಯೂ ಹೋಯಿತು.

“ಮತ್ತ ಕೆಂಪು!” ಮುಕ್ತಾ ಕೈ ಝಾಡಿಸಿದಳು. “ಅವ್ವಾ, ಇದನ್ನ ಮಾಡಿದಾಕಿ ನೀನ ಅಲ್ಲೇನು? ಒಂದ ಸಲ ಹಸಿರು ಮಾಡಿಕೊಡು.”

ಮಾಡಿದವಳು ಅವ್ವನೇ, ಅದರಲ್ಲಿ ಸುಳ್ಳೇನಿಲ್ಲ. ಮುಕ್ತಾ ಹುಟ್ಟಿದ ವರ್ಷ ಡಾಕ್ಟರ್ ನೀಲಗಂಗಾ ಮೆಣಸಿನಕಾಯಿ ಧಾರವಾಡದ ತನ್ನ ಪ್ರಯೋಗಾಲಯದಲ್ಲಿ ನಿಜಕಂಕಣವನ್ನು ರೂಪಿಸಿದಾಗ ಊರಿಗೆ ಊರೇ ಕೊಂಡಾಡಿತ್ತು. ನಾಡಿಯ ಬಡಿತ, ಚರ್ಮದ ಬೆವರು, ದನಿಯೊಳಗೆ ಕಿವಿಗೆ ಕೇಳಿಸದಷ್ಟು ಸಣ್ಣ ನಡುಕ, ಇಷ್ಟನ್ನೂ ಕೂಡಿಸಿ ನೋಡಿ, ಆಡಿದ ಮಾತು ಎದೆಯಿಂದ ಬಂದದ್ದೋ ಬರೀ ತುಟಿಯಿಂದ ಬಂದದ್ದೋ ಎಂದು ಅದು ತೋರಿಸುತ್ತಿತ್ತು. ಎದೆಯದಾದರೆ ಹಸಿರು, ತುಟಿಯದಾದರೆ ಕೆಂಪು. ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ, ನೀಲಗಂಗಾ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ, ಮಕ್ಕಳು ಮೊಬೈಲಿನಲ್ಲಿ ಅಳುವ ಮುಖ ಒತ್ತಿ ಒಳಗೊಳಗೇ ನಗುವುದನ್ನು, ಹೃದಯದ ಚಿತ್ರ ಕಳಿಸಿ ಬೆನ್ನ ಹಿಂದೆ ಬೈಯುವುದನ್ನು ಚೆನ್ನಾಗಿಯೇ ಕಲಿತಿದ್ದರು. ಜಾಲತಾಣದ ಸೋಗು ತೊಲಗಿದರೆ ಮಕ್ಕಳ ಸ್ವಭಾವ ತಾನಾಗಿ ನೆಟ್ಟಗಾಗುತ್ತದೆಂದು ಆಕೆ ನಂಬಿದಳು. ಸರಕಾರವೂ ನಂಬಿತು. ಈಗ ಕಡಗವಿಲ್ಲದೆ ಯಾವ ಮಗುವೂ ಜಾಲತಾಣದಲ್ಲಿ ಒಂದು ಮಾತನ್ನೂ ಆಡುವಂತಿಲ್ಲ.

“ಆಗಂಗಿಲ್ಲ ಮುಕ್ತಾ. ಯಾರೂ ಅದರಾಗ ಕೈ ಹಾಕಬಾರದು ಅಂತನ ಹಂಗ ಮಾಡೇನಿ. ನನಗೂ ಬರೂದಿಲ್ಲ.”

“ಭಾರೀ ಶಾಣ್ಯಾಕಿ ಬಿಡು!”

ಆದದ್ದಿಷ್ಟು. ದಸರೆಯ ರಜೆಗೆ ಮುಂಚೆ ದಾನೇಶ್ವರಿ ತರಗತಿಯಲ್ಲಿ ಪದ್ಯ ಹೇಳುತ್ತ ತೊದಲಿದಳು. ಅಂಗನವಾಡಿಯಿಂದ ಮುಕ್ತಾಳಿಗೆ ಅಂಟಿಕೊಂಡೇ ಬೆಳೆದ ಗೆಳತಿ. ಮುಕ್ತಾ ಆ ತೊದಲನ್ನು ಅಣಕಿಸಿ, ಬಿದ್ದುಬಿದ್ದು ನಕ್ಕು, ಗುಂಪಿಗೆ ಹಾಕಿದಳು. ಕಡಗ ಹಚ್ಚಹಸಿರು! ಆಗದೆ ಏನು? ನಗು ಖರೆಯದೇ ಆಗಿತ್ತು. ಗುಂಪೆಲ್ಲ ನಕ್ಕಿತು, ಅವರ ನಗುವೂ ಹಸಿರೇ. ಮರುದಿನ ದಾನೇಶ್ವರಿ ಶಾಲೆಗೆ ಬರಲಿಲ್ಲ. ಆಗ ಮುಕ್ತಾಳ ಎದೆ ಧಸಕ್ಕೆಂದಿತು. ತಪ್ಪಾಯಿತೆಂದಳು, ಕೆಂಪು. ಅತ್ತು ಹೇಳಿದಳು, ಅದೂ ಕೆಂಪು. ಈಗ ಅವಳ ಹೆಸರಿನ ಮುಂದೆ ಕೆಂಪು ಚುಕ್ಕೆಗಳ ಸಾಲೇ ಇದೆ. ಅಂಥವರ ಪಕ್ಕದಲ್ಲಿ ಯಾವ ಮಗುವೂ ಕೂರುವುದಿಲ್ಲ. ದಾನೇಶ್ವರಿ ಒಬ್ಬಳು ಕ್ಷಮಿಸಿದೆ ಎಂದರೆ ಮಾತ್ರ ಅವು ಅಳಿಯುತ್ತವೆ. ರಜೆ ಮುಗಿಯುತ್ತ ಬಂದಿತ್ತು.

ನೀಲಗಂಗಾ ಕಡಗದ ಅಳತೆಗಳನ್ನು ಪರದೆಯ ಮೇಲೆ ಬಿಚ್ಚಿ ನೋಡಿದಳು. ಪಶ್ಚಾತ್ತಾಪ ಇತ್ತು, ಇಲ್ಲವೆನ್ನುವಂತಿಲ್ಲ. ಅದಕ್ಕೆ ಭಯ ಬೆರೆತಿತ್ತು, ನಾಚಿಕೆ ಬೆರೆತಿತ್ತು, ಚೂರು ಸಿಟ್ಟೂ ಇತ್ತು. ಬೆರಕೆಯಾದದ್ದನ್ನು ಕಡಗ ಒಪ್ಪುವುದಿಲ್ಲ. ಅಯ್ಯೋ ದೇವರೇ, ಯಾವ ಮಗು ಬೆರಕೆಯಿಲ್ಲದೆ ತಪ್ಪೊಪ್ಪಿಕೊಳ್ಳುತ್ತದೆ? ಅಣಕಕ್ಕೆ ಅಳುಕಿಲ್ಲ, ಹಸಿರಾಗಿ ಓಡಿಬಿಡುತ್ತದೆ. ಒಳ್ಳೆಯ ಮಾತು ಮೊದಮೊದಲು ಅರೆಮನಸ್ಸಿನಿಂದಲೇ ಹೊರಡುತ್ತದೆ. ಈಗಿನ ಮಕ್ಕಳು ಸುಳ್ಳಾಡುವುದಿಲ್ಲವೆಂದು ಹಿರಿಯರು ಬೀಗುತ್ತಿದ್ದರು. ಕೆಂಪಿಗೆ ಹೆದರಿ ಅವು ಒಳ್ಳೆಯ ಮಾತನ್ನೇ ಬಿಟ್ಟುಬಿಟ್ಟಿವೆ ಎನ್ನುವುದು, ಕಡಗ ಮಾಡಿದವಳಿಗೂ, ಸ್ವಂತ ಮಗಳು ಸಿಕ್ಕಿಬಿದ್ದ ಮೇಲೆಯೇ ಹೊಳೆಯಿತು.

ಅಂದು ವಿಜಯದಶಮಿ. ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆಯನ್ನು ಕೈಗಿಡುವುದು, ಮುನಿಸಿಕೊಂಡವರೂ ಅದನ್ನು ಕೊಟ್ಟು ರಾಜಿಯಾಗುವುದು ಆ ಕಡೆಯ ವಾಡಿಕೆ. ನೀಲಗಂಗಾಳಿಗೆ ಅಪ್ಪ ನೆನಪಾದ. ಒಮ್ಮೆ ಅವಳು ಪಕ್ಕದ ಮನೆಯ ಹುಡುಗಿಯ ಜತೆ ಜಗಳವಾಡಿದಾಗ, ಅವನು ಅವಳನ್ನು ದರದರ ಎಳೆದೊಯ್ದು ಆ ಹುಡುಗಿಯ ಮುಂದೆ ನಿಲ್ಲಿಸಿದ್ದ. ಹಲ್ಲು ಕಚ್ಚಿಕೊಂಡೇ ಬನ್ನಿ ಕೊಟ್ಟಿದ್ದಳು. ಆ ಹುಡುಗಿ ಮೋರೆ ತಿರುವಿಯೇ ತಗೊಂಡಿದ್ದಳು. ಕತ್ತಲಾಗುವುದರೊಳಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಕರಿಗಡಬು ತಿನ್ನುತ್ತಿದ್ದರು. ಕಡಗವಿದ್ದಿದ್ದರೆ ಅಂದು ಇಬ್ಬರದೂ ಕೆಂಪೇ.

“ಏಳು, ಕಡಗ ತಗಿ. ದಾನೇಶ್ವರಿಗೆ ಬನ್ನಿ ಕೊಟ್ಟು ಬರೂಣು,” ಎಂದಳು.

“ಕಡಗ ಇಲ್ದನ? ನಿನಗೇನು ಹುಚ್ಚು ಹಿಡದೈತೇನು?” ಎಂದು ಮುಕ್ತಾ ರೇಗಿದರೂ ಬೇರೆ ದಾರಿ ಅವಳಿಗೂ ಕಾಣಲಿಲ್ಲ. ಕಡಗ ಅವ್ವನ ಚೀಲ ಸೇರಿತು.

ಬಾಗಿಲು ತೆರೆದವಳು ದಾನೇಶ್ವರಿಯೇ. ಮುಕ್ತಾ ಎಲೆ ಚಾಚಿದಳು. “ಬನ್ನಿ ತಗೊಂಡು ಬಂಗಾರದಂಗ ಇರೂಣು, ದಾನಿ. ನಂದು ತಪ್ಪಾತು.”

ದಾನೇಶ್ವರಿಯ ಕಣ್ಣು ಅವಳ ಬರಿಗೈಗೆ ಹೋಯಿತು. “ಕ-ಕಡಗ ತಗದಿಟ್ಟು ಬಂದೀಯಲ್ಲ,” ಎಂದಳು. “ಸುಳ್ಳು ಹೇಳಾವ್ರು ಹಂಗ ಬರ್ತಾರ.” ಆ ಮಾತಿನಲ್ಲಿ ಕೊಂಕಿರಲಿಲ್ಲ. ಗೊತ್ತಿದ್ದುದನ್ನು ಹೇಳಿದಳು, ಅಷ್ಟೇ.

ನೀಲಗಂಗಾ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. “ದಾನವ್ವಾ, ಕೈ ಬ್ಯಾಡ, ಆಕಿ ಮಾರಿ ನೋಡು. ಮಾರಿ ನೋಡಿ ಹೇಳವ್ವಾ, ಆಕಿಗೆ ಕೆಟ್ಟ ಅನಿಸೇತೋ ಇಲ್ಲೋ.”

ದಾನೇಶ್ವರಿ ಒಳ್ಳೆಯ ಹುಡುಗಿ. ಹೊಸ್ತಿಲು ದಾಟಿ ಬಂದು ಗೆಳತಿಯ ಎದುರು ನಿಂತಳು. ತುಂಬಿದ ಕಣ್ಣು ನೋಡಿದಳು, ಗಂಟಿಕ್ಕಿದ ಹುಬ್ಬು ನೋಡಿದಳು, ಅದುರುವ ತುಟಿ ನೋಡಿದಳು. ನಂಬಬೇಕೆಂಬ ಆಸೆ ಅವಳಿಗೂ ಇತ್ತು, ಪಾಪ. ಬಹಳ ಹೊತ್ತು ನೋಡಿದಳು.

“ಗೊ-ಗೊತ್ತಾಗವಲ್ದರೀ ಆಂಟಿ,” ಎಂದಳು ಕೊನೆಗೆ, ಅಳುವ ದನಿಯಲ್ಲಿ. “ಮಾರಿ ನೋಡಿ ಹೆಂಗ ಹೇಳೂದರೀ?”

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಎಲೆ ಮುಕ್ತಾಳ ಕೈಯಲ್ಲೇ ಉಳಿಯಿತು.

ಬೀದಿಯಲ್ಲಿ ದೊಡ್ಡವರು ಒಬ್ಬರಿಗೊಬ್ಬರು ಬನ್ನಿ ಕೊಡುತ್ತ ನಗುತ್ತಿದ್ದರು. ಅವರನ್ನು ದಾಟಿ ಓಣಿಯ ತಿರುವಿಗೆ ಬಂದಾಗ ಮುಕ್ತಾ ನಿಂತುಬಿಟ್ಟಳು.

“ಅವ್ವಾ, ನನಗ ಖರೇನ ಕೆಟ್ಟ ಅನಿಸೇತೇನು? ಹೆದರಿ ಹಂಗ ಅಂದೆನೋ ಏನೋ, ನನಗ ತಿಳೀವಲ್ದು. ನೀ ನೋಡಿ ಹೇಳು.”

ಹೀಗೆಂದು ಮುಖ ಎತ್ತಿ ಹಿಡಿದಳು. ಬೀದಿದೀಪದ ಬೆಳಕು ನೇರ ಅದರ ಮೇಲೆ ಬಿದ್ದಿತ್ತು. ಹೆತ್ತು, ಎದೆಗವಚಿಕೊಂಡು ಬೆಳೆಸಿದ ಮುಖ. ನೀಲಗಂಗಾ ಅದನ್ನು ನೋಡುತ್ತ ನಿಂತಳು. ಹೇಳಬೇಕಾದ ಮಾತು ಬಾಯಿಗೆ ಬರುವ ಮೊದಲೇ, ಅವಳ ಕೈ ತನ್ನಷ್ಟಕ್ಕೆ ತಾನು ಚೀಲದೊಳಗಿಳಿದು ಕಡಗಕ್ಕಾಗಿ ತಡಕಾಡುತ್ತಿತ್ತು.