ಬಾಲ ಬಂದ ಕೆಂಪು ಚುಕ್ಕಿ

ಅಂಗಡಿಯ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

ಕೌಂಟರಿನ ಹಿಂದೆ ಅವನಿದ್ದ. ಜೇಬಿನಲ್ಲಿ ಅದೇ ಮೂರು ಸ್ಕ್ರೂಡ್ರೈವರ್, ಬೆರಳಲ್ಲಿ ಅದೇ ಎಣ್ಣೆಯ ಕಲೆ.

ಊರಲ್ಲಿ ಬಂದೂಕು ಶೂಟಿಂಗಿನ ಸಾಮಾನು ಸಿಗುವ ಅಂಗಡಿ ಇದೊಂದೇ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ತಂಡದ ಆಯ್ಕೆ. ವಾಪಸ್ ಹೋಗೋಣವೆಂದರೆ ಹೋಗುವುದಾದರೂ ಎಲ್ಲಿಗೆ?

"ಬನ್ನಿ ಟೀಚರ್," ಎಂದ ಅವನು, ನಿನ್ನೆ ಮೊನ್ನೆ ನೋಡಿದವನ ಹಾಗೆ.

ನೋಡಿ ಏಳು ತಿಂಗಳಾಗಿತ್ತು.

ಅವಳು ಶಾಲೆಯಲ್ಲಿ ಪಿ.ಟಿ. ಟೀಚರ್. ಸಂಜೆ ಕ್ಲಬ್ಬಿಗೆ ಹೋಗಿ ರಿವಾಲ್ವರ್ ಎತ್ತಿದಳೆಂದರೆ ಅಕ್ಕಪಕ್ಕದವರು ತಮ್ಮ ಗುರಿ ಬಿಟ್ಟು ಅವಳದನ್ನು ನೋಡುತ್ತಿದ್ದರು. ಅವನು ಅದೇ ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವನು. ಎಲ್ಲರ ಬಾಯಲ್ಲೂ ಸ್ಕ್ರೂ ಮಾಸ್ಟರ್. ಅವಳ ರಿವಾಲ್ವರಿಗೆ ರೆಡ್ ಡಾಟ್ ಕೂರಿಸಿಕೊಟ್ಟವನು ಅವನೇ. ನಳಿಕೆಯ ಮೇಲೆ ಪುಟ್ಟ ಗಾಜು, ಗಾಜಿನೊಳಗೆ ಒಂದು ಕೆಂಪು ಚುಕ್ಕಿ. ಚುಕ್ಕಿ ಎಲ್ಲಿ ಕೂರುತ್ತದೋ ಗುಂಡು ಅಲ್ಲಿಗೆ. ಅದನ್ನು ಬಿಗಿ ಮಾಡುತ್ತಾ, ತಲೆ ಎತ್ತದೆ, "ಪಂದ್ಯ ಮುಗಿದ ಮೇಲೆ ನಿಮಗೊಂದು ಮಾತು ಹೇಳಬೇಕು" ಎಂದಿದ್ದ. ಅವಳು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಆದರೆ ಪಂದ್ಯದ ದಿನ ಚುಕ್ಕಿಗೆ ಬಾಲ ಬಂದಿತ್ತು! ಅಲ್ಪವಿರಾಮದ ಹಾಗೆ ಒಂದು ಕಡೆ ಇಳಿದುಕೊಂಡಿತ್ತು. ಎಷ್ಟು ಕಣ್ಣುಜ್ಜಿದರೂ ಅಷ್ಟೇ. ಕೊನೆಯ ಸ್ಥಾನ ಬಂತು. ಅವಮಾನದಲ್ಲಿ ಬೆಂದುಹೋದವಳು ಎಲ್ಲರೆದುರೇ ಅವನನ್ನು ಬೈದಳು. ಕೆಟ್ಟ ಗಾಜು ತಲೆಗೆ ಕಟ್ಟಿ ನನ್ನನ್ನು ಮುಳುಗಿಸಿದ ಎಂದು ಕಾರ್ಯದರ್ಶಿಗೆ ದೂರು ಬರೆದುಕೊಟ್ಟಳು. ಅವನು ತುಟಿ ಪಿಟಕ್ಕೆನ್ನಲಿಲ್ಲ. ವಾರದಲ್ಲಿ ಕ್ಲಬ್ಬಿನವರು ಅವನನ್ನು ಕೆಲಸದಿಂದ ತೆಗೆದರು. ಆ ಮಾತು ಹೇಳದೆಯೇ ಉಳಿಯಿತು.

ಅಲ್ಲಿಂದೀಚೆಗೆ ಅವಳು ಎರಡು ರೆಡ್ ಡಾಟ್ ಬದಲಾಯಿಸಿದ್ದಳು. ಎರಡಕ್ಕೂ ಬಾಲ. ಈ ಸಲ ಆಯ್ಕೆಯಾಗದಿದ್ದರೆ ಮುಂದಿನ ವರ್ಷದಿಂದ ಜಾಗ ಚಿಕ್ಕವರಿಗೆ ಎಂದು ಕೋಚ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಅವಳು ಪೆಟ್ಟಿಗೆ ತೆರೆದು, ರಿವಾಲ್ವರಿನ ಗುಂಡು ತುಂಬುವ ಗಾಲಿಯನ್ನು ಹೊರಗೆಳೆದು ಆರೂ ತೂತು ತೋರಿಸಿದಳು.

"ಖಾಲಿ."

ಅವನು ಬಗ್ಗಿ ನೋಡಿದ. "ಖಾಲಿ."

ಬಂದೂಕು ಕೈಯಿಂದ ಕೈಗೆ ಹೋಗುವಾಗ, ಮುಖ ನೋಡದಷ್ಟು ಜಗಳವಾಡಿದವರೂ ಈ ಎರಡು ಮಾತು ಬಿಡುವಂತಿಲ್ಲ. *ಇವನ ದನಿ ಇಷ್ಟು ಮೆತ್ತಗಿತ್ತಾ?*

ಅವನು ಮೂರು ರೆಡ್ ಡಾಟ್ ಹರವಿದ. ದೊಡ್ಡ ಚುಕ್ಕಿಯದು ಬೇಗ ಕಣ್ಣಿಗೆ ಬೀಳುತ್ತದೆ, ಆದರೆ ಗುರಿಯ ನಡುವನ್ನೇ ಮುಚ್ಚಿಬಿಡುತ್ತದೆ. ಕೊಳವೆಯಂಥದ್ದು ಗಟ್ಟಿ, ಆದರೆ ಭಾರಕ್ಕೆ ನಳಿಕೆ ಬಾಗುತ್ತದೆ. ಮೂರನೆಯದು ಹಗುರ, ಸಣ್ಣ ಚುಕ್ಕಿ. ಒಂದೊಂದನ್ನೇ ಕೂರಿಸಿ ಕೊಟ್ಟ. ಅವಳು ಎದುರು ಗೋಡೆಯ ಗಡಿಯಾರದ ಹನ್ನೆರಡಕ್ಕೆ ಗುರಿ ಹಿಡಿದಳು.

ಬಾಲ.

ಮತ್ತೆ ಬಾಲ.

ಮೂರನೆಯದಕ್ಕೂ... ಬಾಲ.

ಅವಳ ಕೈ ತಾನಾಗಿಯೇ ಕೆಳಗಿಳಿಯಿತು. "ಕೈ ಮುಗಿದು ಕೇಳ್ತೀನಿ. ಒಳಗೆಲ್ಲಾದರೂ ಒಂದು ಒಳ್ಳೇದು ಇಟ್ಟಿದ್ರೆ ಕೊಡಿ. ಆವತ್ತಿನ ಸಿಟ್ಟು ಇವತ್ತು ತೀರಿಸ್ಕೋಬೇಡಿ. ನನಗೆ ಇದು ಬಿಟ್ಟು ಬೇರೇನೂ ಇಲ್ಲ."

ಅವನು ಅವಳ ಫೋನ್ ಕೇಳಿದ. ರಿವಾಲ್ವರನ್ನು ಸ್ಟ್ಯಾಂಡಿನ ಮೇಲಿಟ್ಟು, ಗಾಜಿನ ಹಿಂದೆ ಫೋನ್ ಹಿಡಿದು ಫೋಟೊ ತೆಗೆದ. ಗಾಜು ಬದಲಾಯಿಸಿ ಮತ್ತೊಂದು, ಮಗದೊಂದು.

ಮೂರೂ ಫೋಟೊದಲ್ಲಿ ಚುಕ್ಕಿ ಪೆನ್ನು ಊರಿ ಇಟ್ಟ ಹಾಗೆ ದುಂಡಗಿತ್ತು.

"ಫೋನಿಗೆ ಸರಿಯಾಗಿ ಕಾಣ್ತಿದೆ ಟೀಚರ್," ಎಂದ ಮೆಲ್ಲಗೆ.

ಹಾಗಾದರೆ ಕೆಟ್ಟಿದ್ದು ಗಾಜಲ್ಲ. ಬೀದಿ ದೀಪಗಳಿಗೂ ಬಾಲ ಬಂದು ಎಷ್ಟೋ ತಿಂಗಳಾಗಿತ್ತು. ಅವಳು ಹೆಲ್ಮೆಟ್ಟಿನ ಗಾಜು ಒರೆಸಿದ್ದೇ ಒರೆಸಿದ್ದು. ಮತ್ತೆ ಇನ್ನೊಂದು ನೆನಪಾಯಿತು... ಪಂದ್ಯ ಮುಗಿದ ಮೇಲೆ ಅವಳ ರಿವಾಲ್ವರಿನ ಹಿಂದೆ ಇವನು ಹೀಗೇ ಫೋನ್ ಹಿಡಿದು ನಿಂತಿದ್ದ.

"ಆವತ್ತೇ ಗೊತ್ತಿತ್ತಾ ನಿಮಗೆ?"

"ಹೂಂ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಗಾಜು ಕೆಟ್ಟಿದೆ ಅಂದ್ರೆ ಗಾಜು ಬದಲಾಯಿಸ್ತಾರೆ. ಕಣ್ಣು ಸರಿಯಿಲ್ಲ ಅಂದಿದ್ರೆ ನಿಮ್ಮನ್ನೇ ಬದಲಾಯಿಸ್ತಿದ್ರು. ನಿಮ್ಮೊಬ್ಬರಿಗೇ ಹೇಳೋಣ ಅಂತ ಎರಡು ಸಲ ಮನೆ ಹತ್ರ ಬಂದೆ. ನೀವಿಲ್ಲ ಅಂದ್ರು."

ಎರಡು ಸಲವೂ ಅವಳು ಒಳಗಿದ್ದಳು. ಇಲ್ಲವೆನ್ನು ಎಂದು ಅಕ್ಕನಿಗೆ ಹೇಳಿಕೊಟ್ಟವಳೇ ಅವಳು. ಕೌಂಟರಿಗೆ ಹಣೆ ಆನಿಸಿ ಅತ್ತುಬಿಟ್ಟಳು.

ಅವನು ಸಮಾಧಾನ ಹೇಳಲಿಲ್ಲ. ಅವಳ ಶೂಟಿಂಗ್ ಕನ್ನಡಕಕ್ಕೆ ಕಪ್ಪು ಟೇಪ್ ಅಂಟಿಸಿ, ಸೂಜಿಯಿಂದ ಸಣ್ಣ ತೂತು ಕೊರೆದ. ಹಗುರವಾದ ಮೂರನೆಯದನ್ನೇ ಕೂರಿಸಿ, ಚುಕ್ಕಿಯ ಬೆಳಕು ತಗ್ಗಿಸಿ ಕೈಗಿತ್ತ. ಅವಳು ತೂತಿನ ಮೂಲಕ ನೋಡಿದಳು.

ಚುಕ್ಕಿ ದುಂಡಗಿತ್ತು. ಏಳು ತಿಂಗಳ ಮೇಲೆ ಮೊದಲ ಸಲ.

ನಾಳೆಗೆ ಇಷ್ಟು ಸಾಕು, ಆಮೇಲೆ ಮೊದಲು ಕಣ್ಣಿನ ಡಾಕ್ಟರು, ಇದು ಯಾರಿಗೂ ಗೊತ್ತಾಗುವುದು ಬೇಡ ಎಂದ ಅವನು.

ಮರುದಿನ ಹತ್ತು ಗಂಟೆಗೆಲ್ಲ ಅವಳು ಮತ್ತೆ ಅಂಗಡಿಯಲ್ಲಿದ್ದಳು.

"ಇಷ್ಟು ಬೇಗ ಮುಗೀತಾ?" ಎಂದು ಅವನು ಗಾಬರಿಯಿಂದ ಕೇಳಿದ.

"ಶುರುನೇ ಆಗ್ಲಿಲ್ಲ."

ಅವಳು ಕ್ಲಬ್ಬಿನಿಂದ ವಾಪಸ್ ತಂದ ತನ್ನ ಹಳೆಯ ದೂರಿನ ಕಾಗದವನ್ನು ಕೌಂಟರಿನ ಮೇಲಿಟ್ಟಳು. ಅಡ್ಡಲಾಗಿ ಅವಳದೇ ಅಕ್ಷರ: ಗಾಜು ಚೆನ್ನಾಗಿತ್ತು, ಕೆಟ್ಟಿದ್ದು ನನ್ನ ಕಣ್ಣು. ಕೆಳಗೆ ಕಾರ್ಯದರ್ಶಿಯ ಸಹಿ. ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಗುರಿಯ ಮುಂದೆ ನಿಲ್ಲುವಂತಿಲ್ಲ ಎಂದು ಅವರು ಅವಳ ಹೆಸರು ಹೊಡೆದುಹಾಕಿದ್ದರು. ಅವನನ್ನು ಸೋಮವಾರದಿಂದ ಕೆಲಸಕ್ಕೆ ಬರಹೇಳಿದ್ದರು.

"ಹುಚ್ಚಾ ನಿಮಗೆ?" ಅವನ ದನಿ ಒಡೆಯಿತು. "ಒಂದು ಗಂಟೆ ಸುಮ್ಮನಿದ್ದಿದ್ರೆ ತಂಡದಲ್ಲಿರ್ತಿದ್ರಿ!"

"ಇರ್ತಿದ್ದೆ. ನಿನ್ನ ಹೆಸರಿಗೆ ಮಸಿ ಬಳಿದುಕೊಂಡೇ ಇರ್ತಿದ್ದೆ. ನನ್ನ ಕೈಲಿ ಆಗ್ಲಿಲ್ಲ."

ನಿನ್ನ ಎಂದಿದ್ದಳು. ಇಬ್ಬರಿಗೂ ಅದು ಕೇಳಿಸಿತು.

ಅಳುತ್ತಲೇ ಅವಳು ಕೇಳಿದಳು. "ಪಂದ್ಯ ಮುಗಿದ ಮೇಲೆ ಒಂದು ಮಾತು ಅಂದಿದ್ದೆಯಲ್ಲ. ನನ್ನ ಪಂದ್ಯ ಎಲ್ಲ ಮುಗೀತು. ಈಗ ಹೇಳು."

ಅವನು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ನನ್ನ ಮದುವೆ ಆಗ್ತೀಯಾ ಅಂತ ಕೇಳೋದಿತ್ತು. ಈಗಲೂ ಅದೇ. ಆದ್ರೆ ಮೊದಲು ಡಾಕ್ಟರ ಹತ್ರ ಹೋಗೋಣ."

ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಅವನು ಅಂಗಡಿಯ ದೀಪ ಆರಿಸಲು ಹೋದವನು, ಅದರ ಕೆಳಗೇ ನಿಂತು ತಿರುಗಿದ.

"ನಾನು ಹೇಗೆ ಕಾಣ್ತಿದ್ದೀನಿ ಈಗ?"

"ಸ್ವಲ್ಪ ಬಾಲ ಇದೆ."

"ಕನ್ನಡಕ ಬಂದ ಮೇಲೆ ಹೋಗುತ್ತೆ ಬಿಡು."

"ಹೋದ್ರೆ ಹೋಗ್ಲಿ," ಎಂದಳು ಅವಳು. "ನೀನು ಹೋಗ್ಬೇಡ."