ಗೂಳಿಯ ಲಿವರ್, ಅಕ್ಕನ ಮಗಳ ಸೀಟು

ಒಂದು ಮೆಡಿಕಲ್ ಸೀಟಿಗೆ ಏನು ಬೆಲೆ?

ನೀವು ಕೇಳಿದಿರಿ ಎಂದು ಹೇಳುತ್ತೇನೆ. ನಾನು ತೆತ್ತದ್ದು ಇಷ್ಟು. ಬಲಗಾಲಿನ ಶೂ. ಒಂದು ಮೊಬೈಲ್. ಅಂಗಿಯ ಎಡದೋಳು, ಭುಜದಿಂದ ಪೂರ್ತಿ. ಮುಂದಿನ ಹಲ್ಲಿನ ಒಂದು ಚೂರು. ಜೊತೆಗೆ ಒಂದು ಕೆಟ್ಟ ಹೆದರಿಕೆ... ಅದರ ವಿಚಾರ ಕೊನೆಗೆ.

ಶೂ ಮೊದಲು ಹೋಯಿತು.

ಅದು ಬೀಳುವ ಸದ್ದಿಗೆ ಕಿವಿಗೊಟ್ಟೆ. ಎಷ್ಟೋ ಹೊತ್ತಾದ ಮೇಲೆ ಕೆಳಗೆಲ್ಲೋ ಟಪ್ ಎಂದಿತು. ಮೂರನೆಯ ಮಹಡಿ ಎಂದರೆ ಎಷ್ಟು ಎತ್ತರ ಎಂದು ನನಗೆ ಗೊತ್ತಾದದ್ದು ಆಗಲೇ!

ಒಂದು ಲಾಡ್ಜಿನ ಹಿಂಗೋಡೆಯ ನೀರಿನ ಪೈಪಿಗೆ ಹಲ್ಲಿಯ ಹಾಗೆ ಅಂಟಿಕೊಂಡಿದ್ದೆ. ಪೈಪಿಗೆ ತುಕ್ಕು ಹಿಡಿದಿತ್ತು. ಗೋಡೆಗೆ ಕಚ್ಚಿದ್ದ ಕ್ಲಾಂಪು ಕಿರ್ ಕಿರ್ ಎನ್ನುತ್ತಿತ್ತು. ತಲೆಯ ಮೇಲೆ ಬಾತ್‌ರೂಮಿನ ಕಿಟಕಿ, ಇನ್ನೊಂದು ಕೈಯಳತೆ ದೂರ...

ಜೇಬಿನಲ್ಲಿ ಫೋನ್ ಅದುರಿತು.

ಅಕ್ಕ!

ನನ್ನ ಕೆಲಸ ನಿಮಗೆ ಗೊತ್ತಲ್ಲ. ಕಾಣೆಯಾದದ್ದನ್ನು ಹುಡುಕಿಕೊಡುವುದು. ಬಾಡಿಗೆ ಕೊಡದೆ ಪರಾರಿಯಾದವನು, ಮದುವೆಗೆ ಮುಂಚೆ ಮಾಯವಾದ ವರ, ಕದ್ದ ಕಾರು. ಚಾಕು ತೋರಿಸಿದವರಿದ್ದಾರೆ, ನಾಯಿ ಛೂ ಬಿಟ್ಟವರಿದ್ದಾರೆ. ಯಾರಿಗೂ ಜಗ್ಗಿದವನಲ್ಲ. ಆದರೆ ಅಕ್ಕನ ಫೋನ್ ಎತ್ತದೆ ಇರುವ ಧೈರ್ಯ ಇವತ್ತಿಗೂ ಬಂದಿಲ್ಲ.

ಒಂದು ಕೈ ಬಿಟ್ಟು ಎತ್ತಿದೆ.

"ಎಲ್ಲಿದ್ದೀಯೋ?"

"ಸ್ವಲ್ಪ ಮೇಲಿದ್ದೀನಿ ಅಕ್ಕ."

"ಇಲ್ಲಿ ಮಗು ಬೆಳಗ್ಗೆಯಿಂದ ನಿಂತೇ ಇದೆ. ಸೀಟು ಹಿಡ್ಕೊಂಡಿರೋ ಆ ಹುಡುಗನನ್ನ ನೀನು ಕರ್ಕೊಂಡು ಬರ್ತೀಯೋ, ನಾನೇ ಬರ್ಲೋ?"

ಅವಳು ಬಂದರೆ ಲಾಡ್ಜು ಉಳಿಯುವುದಿಲ್ಲ. ನಾನೇ ತರುತ್ತೇನೆ ಎಂದೆ. ಫೋನನ್ನು ಜೇಬಿಗೆ ಹಾಕಿದೆ. ಜೇಬು ನಾನೆಣಿಸಿದ ಜಾಗದಲ್ಲಿರಲಿಲ್ಲ. ಶೂ ಬಿದ್ದ ಕಡೆಯೇ ಇನ್ನೊಂದು ಸದ್ದು...

ಸಂಗತಿ ಸರಳ. ಮೆಡಿಕಲ್ ಪ್ರವೇಶ ಪರೀಕ್ಷೆಯ ರಿಸಲ್ಟ್ ಬಂದಿತ್ತು. ಅಕ್ಕನ ಮಗಳಿಗೆ ಒಳ್ಳೆಯ ಮಾರ್ಕ್ಸೇ ಬಂದಿತ್ತು, ಕೂದಲೆಳೆಯಷ್ಟು ಸಾಲದಾಗಿತ್ತು. ಚಿಕ್ಕಂದಿನಿಂದ ಆ ಹುಡುಗಿಗೆ ಡಾಕ್ಟರಿಕೆ ಬಿಟ್ಟು ಬೇರೆ ಮಾತಿಲ್ಲ. ನೆಂಟರು ಮನೆಗೆ ಬಂದರೆ ನಾಲಿಗೆ ನೋಡಿದ ಮೇಲೆಯೇ ಕಾಫಿ. ಸೀಟು ಹಂಚುವ ಕೊನೆಯ ದಿನ ಬಂದಾಗ ಊರಿನ ಮೆಡಿಕಲ್ ಕಾಲೇಜಿನ ವೇಟಿಂಗ್ ಲಿಸ್ಟಿನಲ್ಲಿ ಅವಳೇ ಮೊದಲು. ಉಳಿದದ್ದು ಒಂದೇ ಸೀಟು. ಅದರ ಮೇಲೆ ಒಬ್ಬ ಕೂತಿದ್ದ.

ಓದುವುದಕ್ಕೆ ಕೂತವನಲ್ಲ!

ಅವನ ಅಡ್ಡಹೆಸರು ಕನ್ನಡಕ. ಆಗಲೇ ಬೇರೊಂದು ಊರಿನ ಕಾಲೇಜಿನಲ್ಲಿ ಎರಡನೆಯ ವರ್ಷದ ಮೆಡಿಕಲ್ ಓದುತ್ತಿದ್ದ. ಪೌಡರ್ ಎಂಬ ಸೀಟು ದಲ್ಲಾಳಿ ಅವನಿಗೊಂದು ಕೆಂಪು ಬೈಕ್ ಕೊಡಿಸಿ, ಅದೇ ಪ್ರವೇಶ ಪರೀಕ್ಷೆಯನ್ನು ಇನ್ನೊಂದು ಸಲ ಬರೆಸಿದ್ದ. ಬುದ್ಧಿವಂತ ಹುಡುಗ, ರ‍್ಯಾಂಕ್ ಬಂತು. ಸೀಟು ಅವನ ಹೆಸರಿಗೆ ಬಿತ್ತು. ಈಗ ಪೌಡರ್‌ಗೆ ಬೇಕಾದದ್ದು ಇಷ್ಟೇ... ಸಂಜೆ ಐದರವರೆಗೆ ಕನ್ನಡಕ ಸೀಟಿಗೆ ಸೇರಲೂ ಬಾರದು, ಸೀಟನ್ನು ಬಿಡಲೂ ಬಾರದು. ಐದು ಹೊಡೆದರೆ ಅದು ಕಾಲೇಜಿನ ಆಡಳಿತದವರ ಕೈಗೆ ಹೋಗುತ್ತದೆ, ಅವರು ಯಾರಿಗೆ ಬೇಕಾದರೂ ಕೊಡಬಹುದು. ಆ ಯಾರನ್ನೋ ಪೌಡರ್ ಆಗಲೇ ಗೊತ್ತುಮಾಡಿಟ್ಟಿದ್ದ.

ಐದರೊಳಗೆ ಕನ್ನಡಕ ಖುದ್ದಾಗಿ ಬಂದು ಬೇಡ ಎಂದರೆ ಮಾತ್ರ ಸೀಟು ವೇಟಿಂಗ್ ಲಿಸ್ಟಿಗೆ. ಅಂದರೆ ನಮ್ಮ ಹುಡುಗಿಗೆ.

ಅಡ್ಮಿಷನ್ ಹಾಲಿನ ಗುಮಾಸ್ತರಿಗೆ ಇದನ್ನೆಲ್ಲ ಹೇಳಿದೆ. ಪಾಪದ ಮನುಷ್ಯ. ಅನುಮಾನದ ಮೇಲೆ ಒಬ್ಬರ ಸೀಟು ಕೀಳೋಕಾಗಲ್ಲ, ಬಿಡೋನೂ ತಗೊಳ್ಳೋಳೂ ಇಬ್ಬರೂ ನನ್ನ ಕಣ್ಣೆದುರಿಗೆ ಇರಲಿ ಎಂದರು.

ಹಾಗಾಗಿ ಕೆಂಪು ಬೈಕ್ ಹುಡುಕುತ್ತ ಊರಿನ ಲಾಡ್ಜುಗಳ ಹಿತ್ತಿಲೆಲ್ಲ ಸುತ್ತಿದೆ. ಸಿಕ್ಕಿತು. ಸೀಟಿನ ಪ್ಲಾಸ್ಟಿಕ್ ಕವರನ್ನೂ ತೆಗೆದಿರಲಿಲ್ಲ. ಲಾಡ್ಜಿನ ಮುಂಬಾಗಿಲಿಗೆ ಅಡ್ಡವಾಗಿ ಬಿಳಿ ಕಾರು, ಕಾರಿನೊಳಗೆ ಸ್ವತಃ ಪೌಡರ್, ಕೈಗನ್ನಡಿ ಹಿಡಿದು ಕೆನ್ನೆ ನೋಡಿಕೊಳ್ಳುತ್ತಿದ್ದ.

ಹಿಂಬಾಗಿಲಿಗೆ ಒಳಗಿನಿಂದ ಚಿಲಕ, ಮೂರನೆಯ ಮಹಡಿಯ ಕಿಟಕಿಯಲ್ಲಿ ಕನ್ನಡಕದ ಹೊಳಪು. ನಡುವೆ ಪೈಪಿತ್ತು.

ಕ್ಲಾಂಪು ಕಿತ್ತುಬಂದ ಹೊತ್ತಿಗೆ ನಾನು ಕಿಟಕಿ ಹಿಡಿದಿದ್ದೆ. ಅಂಗಿಯ ತೋಳು ಚಿಲಕಕ್ಕೆ ಉಳಿಯಿತು. ಉಳಿದ ನಾನು ತಲೆಕೆಳಗಾಗಿ ಬಕೆಟ್ಟಿನೊಳಗೆ...

ಬಾತ್‌ರೂಮಿನ ಬಾಗಿಲು ತೆರೆಯಿತು. ಬಾಗಿಲಿನಷ್ಟೇ ಅಗಲದ ಮನುಷ್ಯ. ಪೌಡರ್‌ನ ಬಲಗೈ, ಗೂಳಿ ಎನ್ನುತ್ತಾರೆ. ಮಾತಿಲ್ಲ ಕತೆಯಿಲ್ಲ, ಒಂದೇ ಏಟು. ಹಲ್ಲಿನ ಚೂರು ಸಿಂಕಿಗೆ ಬಿತ್ತು. ಕತ್ತಿನ ಪಟ್ಟಿ ಹಿಡಿದು ಎಳೆದುತಂದು ಕುರ್ಚಿಯ ಮೇಲೆ ಕುಕ್ಕಿದ.

ಐದು ಹೊಡೆಯೋವರೆಗೂ ಸುಮ್ಮನೆ ಕೂತಿದ್ದು ಆಮೇಲೆ ಎಲ್ಲರೂ ಅವರವರ ಮನೆಗೆ ಹೋಗೋಣ ಎಂದು ವಿವರಿಸಿದ. ನ್ಯಾಯವಾಗಿಯೇ ಮಾತಾಡಿದ. ಬಾಯಿ ಒರೆಸಿಕೊಳ್ಳಲು ಟವೆಲ್ ಕೂಡ ಕೊಟ್ಟ.

ಮಂಚದ ಮೇಲೆ ಕನ್ನಡಕ. ತೊಡೆಯ ಮೇಲೆ ದಿಂಬಿನಷ್ಟು ದಪ್ಪದ ಪುಸ್ತಕ. ಒಂದು ಕೈಯಲ್ಲಿ ಪುಟ ತಿರುವುತ್ತ ಇನ್ನೊಂದು ಕೈಯಲ್ಲಿ ತನ್ನ ಹೊಟ್ಟೆಯನ್ನೇ ಒತ್ತಿ ನೋಡಿಕೊಳ್ಳುತ್ತಿದ್ದ. ನನ್ನ ಬಾಯಲ್ಲಿ ರಕ್ತ ಸುರಿಯುತ್ತಿದೆ. ಅವನು ಕೇಳಿದ್ದೇನು ಗೊತ್ತೇ?

"ಸರ್, ನನ್ನ ಕಣ್ಣು ಸ್ವಲ್ಪ ಹಳದಿ ಇದೆಯಾ?"

ಗೂಳಿ ಹಣೆ ಚಚ್ಚಿಕೊಂಡ. "ಬೆಳಗ್ಗೆ ಹಾರ್ಟು. ಊಟಕ್ಕೆ ಮುಂಚೆ ಕಿಡ್ನಿ. ಈಗ ಲಿವರ್. ಪಾಠ ಮುಗಿದ ಹಾಗೆ ಕಾಯಿಲೆ ಬದಲಾಯಿಸ್ತಿದ್ದಾನೆ."

ನನಗೆ ಥಟ್ಟನೆ ನೆನಪಾಯಿತು. ಮೆಡಿಕಲ್ ಹಾಸ್ಟೆಲಿನ ವಾರ್ಡನ್ ಒಬ್ಬರು ಯಾವಾಗಲೋ ಹೇಳಿದ್ದರು. ಹೊಸದಾಗಿ ಡಾಕ್ಟರಿಕೆ ಓದುವವರಿಗೆಲ್ಲ ಒಂದೇ ರೋಗವಂತೆ. ಓದಿದ ರೋಗವೆಲ್ಲ ತಮಗೇ ಬಂದಿದೆ ಎಂಬ ರೋಗ!

ಇದು ಅಂಟುರೋಗವೋ ಅಲ್ಲವೋ ಅವರು ಹೇಳಿರಲಿಲ್ಲ.

ನೋಡೇಬಿಡೋಣ ಎಂದುಕೊಂಡೆ.

"ಹಳದಿ ಅಂತ ಹೇಳಲ್ಲ," ಎಂದೆ. "ಬಿಳಿ ಅಂತಲೂ ಹೇಳೋಕಾಗಲ್ಲ."

ಕನ್ನಡಕ ಗೋಡೆಗೊರಗಿದ. ಲಕ್ಷಣಗಳನ್ನು ಜೋರಾಗಿ ಓದಪ್ಪ, ಎಲ್ಲರೂ ಸೇರಿ ನೋಡೋಣ ಎಂದೆ. ಅವನು ಶುರುಮಾಡಿದ. ಆಯಾಸ. ತುರಿಕೆ. ಬಾಯಿ ರುಚಿ ಕೆಡುವುದು... ಗೂಳಿ ಕಿಸಕ್ಕೆಂದು ನಕ್ಕ. ಆಮೇಲೆ ನಗಲಿಲ್ಲ. ಅವನ ಬಲಗೈ ಅಷ್ಟು ಹೊತ್ತಿನಿಂದ ನನ್ನ ಕುರ್ಚಿಯ ಬೆನ್ನಿನ ಮೇಲೆ ಜೋತುಬಿದ್ದಿತ್ತು. ಈಗ ಆ ಕೈಯನ್ನು ಮೆಲ್ಲಗೆ ಕೊಡವಿದ.

"ಕೈ ಜೋಮು ಹಿಡಿಯೋದು ಅದರಲ್ಲಿದೆಯಾ?"

"ಕೆಲವರಿಗೆ ಇರುತ್ತೆ," ಎಂದ ಕನ್ನಡಕ.

"ಊಟ ಆದ್ಮೇಲೆ ನಿದ್ದೆ ಎಳೆಯೋದು?"

"ಹೂಂ."

"ಸುಮ್ ಸುಮ್ನೆ ಸಿಟ್ಟು ಬರೋದು?"

ಕನ್ನಡಕ ಪುಟ ತಿರುವಿದ. ಬೆರಳಿಟ್ಟು ಓದಿದ. ತಲೆಯೆತ್ತಿ ಗೂಳಿಯನ್ನು ನೋಡಿದ. ಆ ನೋಟದಲ್ಲಿ ನಾಟಕ ಇರಲಿಲ್ಲ ನೋಡಿ, ಅದೇ ನನ್ನ ಪುಣ್ಯ. ಹುಡುಗ ನಿಜವಾಗಿಯೂ ಗಾಬರಿಯಾಗಿದ್ದ.

"ಅಣ್ಣ, ಸ್ವಲ್ಪ ಅಂಗಿ ಎತ್ತಿ."

ಪಕ್ಕೆಲುಬಿನ ಕೆಳಗೆ ಹೆಬ್ಬೆರಳು ಊರಿ ಒತ್ತಿದ. ಆ ಒತ್ತಿಗೆ ಮೇಜಿಗೂ ನೋವಾಗುತ್ತಿತ್ತು. ಗೂಳಿ ಅಮ್ಮಾ ಎಂದ, ಸಣ್ಣದಾಗಿ. ಕನ್ನಡಕ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿಲ್ಲ...

"ಹೇಳಿಬಿಡಿ," ಎಂದ ಗೂಳಿ. "ನನಗೆ ಎರಡು ಮಕ್ಕಳಿದ್ದಾವೆ."

ತಕ್ಷಣ ಹೋದರೆ ಉಳಿಯಬಹುದು ಎಂದೆ. ದೊಡ್ಡ ಆಸ್ಪತ್ರೆಗೇ ಹೋಗಬೇಕು, ಸಣ್ಣಪುಟ್ಟ ಕಡೆ ಆಗುವ ಕೆಲಸವಲ್ಲ ಎಂದೆ. ಹುಡುಗನನ್ನೂ ಕರ್ಕೋ, ದಾರಿಯಲ್ಲಿ ನಿನ್ನ ನಾಡಿ ನೋಡೋಕೆ ಒಬ್ಬರು ಬೇಕು ಎಂದೆ.

"ಕೆಳಗೆ ಕಾರಲ್ಲಿರೋ ಅಣ್ಣನ್ನ ಒಂದ್ಮಾತು ಕೇಳ್ಬೇಕು," ಎಂದ ಗೂಳಿ.

"ಕೇಳು. ಐದಾಗಲಿ ಅಂತಾರೆ. ನಿನ್ನ ಲಿವರ್‌ಗೆ ಐದರವರೆಗೆ ಕಾಯೋ ತಾಳ್ಮೆ ಇದ್ರೆ ಕೇಳು."

ಗೂಳಿ ಕೇಳಲಿಲ್ಲ. ಹಿಂದಿನ ಮೆಟ್ಟಿಲು, ಹಿತ್ತಿಲು, ಅವನ ವ್ಯಾನು.

ನಮ್ಮ ಊರಿನಲ್ಲಿ ದೊಡ್ಡ ಆಸ್ಪತ್ರೆ ಇರುವುದು ಒಂದೇ. ಅದು ಮೆಡಿಕಲ್ ಕಾಲೇಜಿನದೇ! ಒಂದೇ ಕಾಂಪೌಂಡು. ಎಡಕ್ಕೆ ತುರ್ತು ಚಿಕಿತ್ಸೆ, ಬಲಕ್ಕೆ ಅಡ್ಮಿಷನ್ ಹಾಲು.

ಸಾವಿಗೆ ಹೆದರಿದವನು ಓಡಿಸುವ ವ್ಯಾನಿನಲ್ಲಿ ನೀವು ಯಾವತ್ತಾದರೂ ಕೂತಿದ್ದೀರಾ? ಕೂರಬೇಡಿ.

ಹಿತ್ತಿಲ ಗೇಟು ಮುರಿಯಿತು. ಕನ್ನಡಿಯಲ್ಲಿ ಬಿಳಿ ಕಾರು ಕಂಡಿತು. ಪೌಡರ್ ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ. ಕೆಂಪು ಸಿಗ್ನಲ್ಲು... ದಾಟಿದೆವು. ಇನ್ನೊಂದು... ಅದನ್ನೂ! ಒಂದು ಲಾರಿಯ ಬಣ್ಣ ನಮ್ಮ ವ್ಯಾನಿಗೆ ಬಂತು, ವ್ಯಾನಿನ ಕನ್ನಡಿ ಲಾರಿಗೆ ಹೋಯಿತು. ಗೂಳಿಯ ಫೋನ್ ಬಡಿದುಕೊಳ್ಳುತ್ತಿತ್ತು. ನಾನೇ ಎತ್ತಿ ಅವನ ಕಿವಿಗಿಟ್ಟೆ. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು.

"ಅಣ್ಣ, ನನ್ನ ಲಿವರ್..." ಎಂದು ಗೂಳಿ ಬಿಕ್ಕಿದ.

ಬೈಗುಳ ಒಂದು ಕ್ಷಣ ನಿಂತಿತು. ಪೌಡರ್‌ನ ವೃತ್ತಿಜೀವನದಲ್ಲಿ ಇಂಥ ಉತ್ತರ ಹಿಂದೆಂದೂ ಬಂದಿರಲಾರದು.

ಆಸ್ಪತ್ರೆಯ ಬಾಗಿಲಲ್ಲಿ ಗೂಳಿ ತಾನೇ ಹಾರಿ ಸ್ಟ್ರೆಚರ್ ಮೇಲೆ ಮಲಗಿದ. ನಾನು ಕನ್ನಡಕನ ಕೈ ಹಿಡಿದು ಬಲಕ್ಕೆ ಓಡಿದೆ. ಒಂದು ಕಾಲಿಗೆ ಶೂ, ಒಂದು ಕಾಲಿಗೆ ಬರೀ ಕಾಲುಚೀಲ. ಗ್ರಾನೈಟ್ ನೆಲ. ನಾನು ಓಡಿದ್ದಕ್ಕಿಂತ ಜಾರಿದ್ದೇ ಹೆಚ್ಚು. ಎರಡೂ ಕಾಲಿಗೆ ಶೂ ಇದ್ದ ಪೌಡರ್ ನಮ್ಮನ್ನು ದಾಟಿ ಹಾಲಿನ ಬಾಗಿಲಿಗೆ ಅಡ್ಡ ನಿಂತ.

ಏದುಸಿರಿತ್ತು. ದನಿ ಮಾತ್ರ ಬೆಣ್ಣೆ.

"ಬಾಯಿ ಬಿಟ್ಟೆ ಅಂತಿಟ್ಕೋ ಮರಿ, ನಿನ್ನ ಕಾಲೇಜಿಗೆ ಒಂದು ಫೋನ್ ಹೋಗುತ್ತೆ. ಇಲ್ಲಿಯ ಸೀಟೂ ಇಲ್ಲ, ಅಲ್ಲಿಯ ಸೀಟೂ ಇಲ್ಲ. ಆ ಬೈಕಲ್ಲಿ ಪಾರ್ಸೆಲ್ ಹಂಚ್ಕೊಂಡಿರು."

ಕನ್ನಡಕ ಕಲ್ಲಾದ. ಒಳಗೆ ಗೋಡೆಯ ಗಡಿಯಾರದಲ್ಲಿ ದೊಡ್ಡ ಮುಳ್ಳು ಹನ್ನೆರಡಕ್ಕೆ ಮೂರೇ ಗೀಟು ದೂರವಿತ್ತು...

ಆಗ ಪೌಡರ್‌ನ ಬೆನ್ನ ಹಿಂದಿನಿಂದ ನಮ್ಮ ಹುಡುಗಿ ಬಂದಳು. ಅವಸರವಿಲ್ಲ. ಅವನ ಎದುರು ನಿಂತು ಮುಖವನ್ನೇ ನೋಡಿದಳು. ಮೊದಲು ಎಡಗೆನ್ನೆ. ಆಮೇಲೆ ಬಲಗೆನ್ನೆ. ಆಮೇಲೆ ಮತ್ತೆ ಎಡಗೆನ್ನೆ.

"ಅಂಕಲ್," ಎಂದಳು ಮೆತ್ತಗೆ. "ಇದು ಎಷ್ಟು ದಿನದಿಂದ ಇದೆ?"

ಪೌಡರ್‌ನ ಕೈ ಕೆನ್ನೆಗೆ ಹೋಯಿತು.

"ಯಾವುದು?"

"ನೋವಿಲ್ಲ ಅಲ್ವಾ? ನೋವಿಲ್ಲದ್ದೇ..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಪೌಡರ್ ಜೇಬಿನಿಂದ ಕೈಗನ್ನಡಿ ತೆಗೆದ. ಬೆಳಕಿಗೆಂದು ಕಿಟಕಿಯ ಕಡೆ ಎರಡು ಹೆಜ್ಜೆ ಸರಿದ. ಬಾಗಿಲು ಖಾಲಿಯಾಯಿತು. ಕನ್ನಡಕನನ್ನು ಒಳಕ್ಕೆ ತಳ್ಳಿದೆ.

ಆದರೂ ಅವನ ನಾಲಿಗೆ ಹೊರಳಲಿಲ್ಲ. ಗುಮಾಸ್ತರು ಪೆನ್ನು ಹಿಡಿದು ಕಾದರು. ಹುಡುಗ ತನ್ನ ನಾಡಿ ತಾನೇ ಹಿಡಿದ. ನನಗೆ ಹಾರ್ಟ್ ಅಟ್ಯಾಕ್ ಆಗ್ತಿದೆ ಎಂದು ಪಿಸುಗುಟ್ಟಿದ.

ಅಕ್ಕ ಬೆಂಚಿನಿಂದ ಎದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅವನ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿದಳು. ಹಣೆಯ ಮೇಲೆ ಕೈಯಿಟ್ಟಳು.

"ನಿಂಗೇನೂ ಆಗಿಲ್ಲಪ್ಪ. ತಪ್ಪು ಮಾಡಿದ್ದೀಯ, ಹೆದರಿದ್ದೀಯ, ಅಷ್ಟೇ. ಒಂದು ಮಾತು ಹೇಳಿಬಿಡು. ಎಲ್ಲಾ ಕಾಯಿಲೆನೂ ಒಟ್ಟಿಗೆ ಹೋಗುತ್ತೆ."

ಹುಡುಗ ಗುಮಾಸ್ತರ ಕಡೆ ತಿರುಗಿದ.

"ನನಗೆ ಈ ಸೀಟು ಬೇಡ."

ಗುಮಾಸ್ತರು ಅವನ ಹೆಸರು ಹೊಡೆದುಹಾಕಿ ವೇಟಿಂಗ್ ಲಿಸ್ಟಿನ ಮೊದಲ ಹೆಸರು ಕೂಗಿದರು. ಇದ್ದೀನಿ ಎಂದು ಅಕ್ಕನ ಮಗಳು ಕೂಗಿದ್ದು ಕಾರಿಡಾರಿಗೂ ಕೇಳಿಸಿತು. ಅದರ ಬೆನ್ನಿಗೇ ಗಡಿಯಾರ ಹೊಡೆಯಿತು.

ಪೌಡರ್ ಇನ್ನೂ ಕಿಟಕಿಯ ಹತ್ತಿರವೇ ಇದ್ದ.

ಅವನ ಕೆನ್ನೆಯಲ್ಲಿ ಏನಿತ್ತಮ್ಮ ಎಂದು ಆಮೇಲೆ ಕೇಳಿದೆ.

"ಪೌಡರ್, ಮಾವ," ಎಂದಳು.

ಉಳಿದ ಲೆಕ್ಕ ಹೇಳಿಬಿಡುತ್ತೇನೆ. ಕನ್ನಡಕ ತಾನೇ ತನ್ನ ಪ್ರಿನ್ಸಿಪಾಲರ ಮುಂದೆ ಹೋಗಿ ಒಪ್ಪಿಕೊಂಡ. ಅವನಿಗೆ ಒಂದು ವರ್ಷ ಹೋಯಿತು, ಬೈಕ್ ಪೊಲೀಸರಿಗೆ ಹೋಯಿತು, ಅದರ ಹಿಂದೆಯೇ ಪೌಡರ್ ಕೂಡ ಹೋದ. ಗೂಳಿಯ ಲಿವರ್ ಚೆನ್ನಾಗಿತ್ತು. ಬಿ.ಪಿ. ಮಾತ್ರ ಕೆಟ್ಟದಾಗಿ ಏರಿತ್ತಂತೆ. ಟೆನ್ಶನ್ ಕಡಿಮೆ ಮಾಡಿ ಎಂದರಂತೆ ಡಾಕ್ಟರು. ಅವತ್ತೇ ಆ ಕೆಲಸ ಬಿಟ್ಟ, ಈಗ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ನಿಧಾನವಾಗಿ.

ಅಕ್ಕನ ಮಗಳಿಗೆ ಸೀಟು ಸಿಕ್ಕಿತು. ಅದು ಲಾಭ. ಈಗ ಅವಳಿಗೂ ಎರಡನೆಯ ವರ್ಷ.

ಮೊನ್ನೆ ಮನೆಗೆ ಬಂದವಳು ಕಾಫಿ ಕೊಡುತ್ತ ನನ್ನ ಕಣ್ಣನ್ನೇ ನೋಡಿದಳು. ಮಾವ, ಇದು ಎಷ್ಟು ದಿನದಿಂದ ಇದೆ ಎಂದಳು.

ನಕ್ಕು ಕಾಫಿ ಮುಗಿಸಿದೆ. ಅವತ್ತಿನಿಂದ ನನ್ನ ನಿದ್ದೆ ಹೋಗಿದೆ... ಅದು ನಷ್ಟ!